ಶುಶ್ರೂಷಕರ ಬೆನ್ನಿಗೊಂದು ಸಾಕ್ಷಿ

‘ಶುಶ್ರೂಷಾ’ ಎಂಬ ಸಂಸ್ಕೃತ ಶಬ್ದದ ಮೂಲಾರ್ಥ ಕೇಳುವ ಇಚ್ಛೆ. ರೋಗಿಯ ನರಳಿಕೆಯನ್ನು ಕೇಳಿ ಧಾವಿಸುವವರು ದಾದಿಯರು, ಆಯಾಗಳು, ಮನೆಯ ಹೆಣ್ಣುಮಕ್ಕಳು. ಅವರ ಬೆನ್ನುನೋವನ್ನು ಕೇಳುವವರಾರು?

ಈಗ ಅದಕ್ಕೂ ಉಪಕರಣಗಳು ಬಂದಿವೆ. ಬೆನ್ನಿಗೆ ಅಂಟಿಸಿದ ಸಣ್ಣ ಸಂವೇದಕವು ನಡು ಎಷ್ಟು ಡಿಗ್ರಿ, ಎಷ್ಟು ಹೊತ್ತು ಬಾಗಿತ್ತೆಂಬುದನ್ನು ಅಳೆಯುತ್ತದೆ. ಮಣಿಕಟ್ಟಿನ ಗಡಿಯಾರವು ನಾಡಿಬಡಿತವನ್ನು ಎಣಿಸುತ್ತದೆ. ಮೊಬೈಲು ಎರಡನ್ನೂ ದಾಖಲಿಸುತ್ತದೆ. ಮೌನವಾಗಿ ಸಹಿಸಿದ ಶ್ರಮಕ್ಕೆ ಹೀಗೊಂದು ಸಾಕ್ಷಿ ದೊರೆತುದು ಸ್ವಾಗತಾರ್ಹವೇ ಸರಿ.

ಆದರೆ ಅಳತೆಯೇ ಪರಿಹಾರವಲ್ಲ. ರೋಗಿಯನ್ನು ಕೈಯಿಂದ ಎತ್ತುವಾಗ, ಅನುಕೂಲ ಸ್ಥಿತಿಯಲ್ಲಿಯೂ, ಭಾರವು 35 ಪೌಂಡು, ಎಂದರೆ ಸುಮಾರು 16 ಕಿಲೋಗ್ರಾಂ ಮೀರಬಾರದೆಂದು ಅಮೆರಿಕದ ತಜ್ಞ ಥಾಮಸ್ ವಾಟರ್ಸ್ 2007ರಲ್ಲಿ ಸೂಚಿಸಿದರು. ವಯಸ್ಕ ರೋಗಿಯ ತೂಕವಾದರೋ ಇದರ ಹಲವು ಪಟ್ಟು. ಹೀಗಿರುವಲ್ಲಿ “ಸರಿಯಾಗಿ ಬಾಗು” ಎಂದಷ್ಟೇ ಎಚ್ಚರಿಸುವ ಯಂತ್ರವು ಭಾರದ ದೋಷವನ್ನು ಹೊರುವವಳ ಮೇಲೆಯೇ ಹೊರಿಸೀತು.

ಆದುದರಿಂದ ಈ ಅಂಕಿಗಳು ಮೊದಲು ದುಡಿಯುವವಳ ಸೊತ್ತಾಗಬೇಕು. ಅವಳ ಒಪ್ಪಿಗೆಯಿಲ್ಲದೆ ಅವು ಒಡೆಯನ ಕೈಸೇರುವುದಾಗಲಿ, ಸಂಬಳ ಕಡಿತಕ್ಕೆ ನೆಪವಾಗುವುದಾಗಲಿ ಸಲ್ಲದು. ವೃದ್ಧಾಶ್ರಮಕ್ಕೆ ಇಂತಹ ಗಡಿಯಾರಗಳನ್ನು ಕೊಡಬಯಸುವ ಉದಾರಿಗಳು ರೋಗಿಯನ್ನು ಎತ್ತುವ ಯಂತ್ರವೊಂದನ್ನೂ, ಇನ್ನೊಬ್ಬ ಸಹಾಯಕಿಯ ಸಂಬಳವನ್ನೂ ಜೊತೆಗೇ ಕೊಡಲಿ. ಶಿಕ್ಷಕರು ಮನೆಯ ಆರೈಕೆಯಲ್ಲಿ ಗಂಡುಮಕ್ಕಳೂ ಕೈಜೋಡಿಸುವಂತೆ ತಿದ್ದಲಿ.

ನೋವನ್ನು ಕೇಳಿಯೂ ಭಾರವನ್ನು ಇಳಿಸದಿದ್ದರೆ ಅದು ಶುಶ್ರೂಷೆಯೆನಿಸದು, ಬರಿಯ ಲೆಕ್ಕವೆನಿಸೀತು.