ಎರಡು ಕಣ್ಣು, ಒಂದೇ ಲೋಕ

ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಕಳೆದ ವರ್ಷ ನಾನೂ ಎಂಟನೇ ತರಗತಿಯ ಮಕ್ಕಳೂ ಸೇರಿ ಒಂದು ಡಬ್ಬಿ ಮಾಡಿದೆವು. ಚಪ್ಪಲಿ ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆ, ಎರಡು ಭೂತಗನ್ನಡಿ, ನಡುವೆ ಅಡ್ಡಲಾಗಿ ನಿಲ್ಲಿಸಿದ ಒಂದು ರಟ್ಟು. ಅಷ್ಟೇ ಸಾಮಗ್ರಿ. ಶಾಲೆಯ ಅಂಗಳದ ದಾಸವಾಳದ ಗಿಡದ ಫೋಟೋ ಒಂದು ತೆಗೆದು, ಕ್ಯಾಮೆರಾವನ್ನು ಆರು ಸೆಂಟಿಮೀಟರ್ ಬಲಕ್ಕೆ ಸರಿಸಿ ಇನ್ನೊಂದು ತೆಗೆದೆವು. ಎರಡನ್ನೂ ಅಕ್ಕಪಕ್ಕ ಅಂಟಿಸಿ, ಎಡಗಣ್ಣಿಗೆ ಎಡದ ಚಿತ್ರ, ಬಲಗಣ್ಣಿಗೆ ಬಲದ ಚಿತ್ರ ಮಾತ್ರ ಕಾಣುವಂತೆ ಡಬ್ಬಿಯೊಳಗೆ ಇಟ್ಟೆವು.

ನೋಡಿದವರೆಲ್ಲ ‘ಅಬ್ಬಾ!’ ಎಂದರು. ಹೂವು ಮುಂದಕ್ಕೆ ಚಾಚಿ ನಿಂತಿದೆ, ಹಿಂದಿನ ಕೈಪಂಪು ದೂರದಲ್ಲಿದೆ. ಒಬ್ಬಳಂತೂ ಹೂವು ಮುಟ್ಟಲು ಕೈ ಚಾಚಿಯೇ ಬಿಟ್ಟಳು. ಒಬ್ಬ ಹುಡುಗ ಮಾತ್ರ ಡಬ್ಬಿಯಿಂದ ಮುಖ ತೆಗೆದು, ‘ಇದರಲ್ಲೇನಿದೆ ಸಾರ್? ಬರೀ ಫೋಟೋ ತಾನೇ?’ ಎಂದ. ಉಳಿದವರು ನಕ್ಕರು. ನಾನೂ, ‘ಸರಿಯಾಗಿ ನೋಡೋ, ಅವಸರ ಮಾಡಬೇಡ’ ಎಂದು ಗದರಿದೆ. ಆ ಗದರಿಕೆ ತಪ್ಪೆಂದು ನನಗೆ ತಿಳಿದದ್ದು ರಾತ್ರಿ ಊಟಕ್ಕೆ ಕುಳಿತಾಗ. ಆ ಹುಡುಗನ ವಿಷಯಕ್ಕೆ ಮತ್ತೆ ಬರುತ್ತೇನೆ. ಮೊದಲು ಡಬ್ಬಿಯ ಕಥೆ.

ಇಂದು ಎಲ್ಲರೂ ಮಾತಾಡುವ ‘ವರ್ಚುಯಲ್ ರಿಯಾಲಿಟಿ’, ಅಂದರೆ ಕನ್ನಡಕದಂತೆ ತಲೆಗೆ ಕಟ್ಟಿಕೊಂಡು ಇಲ್ಲದ ಲೋಕದೊಳಗೆ ಓಡಾಡುವ ವಿದ್ಯೆ, ಈ ಡಬ್ಬಿಯ ಮರಿಮಗ. ನಂಬಿಕೆ ಬರುತ್ತಿಲ್ಲವೇ? ಹೆಬ್ಬೆರಳನ್ನು ಮೂಗಿನಿಂದ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಎಡಗಣ್ಣು ಮುಚ್ಚಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಗೋಡೆಯ ಕ್ಯಾಲೆಂಡರಿನ ಮುಂದೆ ಬೆರಳು ಅತ್ತಿತ್ತ ಜಿಗಿಯುತ್ತದೆ. ನಮ್ಮ ಎರಡು ಕಣ್ಣುಗಳು ಸುಮಾರು ಆರು ಸೆಂಟಿಮೀಟರ್ ಅಂತರದಲ್ಲಿ ಇರುವುದರಿಂದ ಎರಡಕ್ಕೂ ಕಾಣುವ ಚಿತ್ರ ಬೇರೆ ಬೇರೆ. ಹತ್ತಿರದ ವಸ್ತುವಿಗೆ ವ್ಯತ್ಯಾಸ ಹೆಚ್ಚು, ದೂರದ್ದಕ್ಕೆ ಕಡಿಮೆ. ಮಿದುಳು ಈ ವ್ಯತ್ಯಾಸವನ್ನೇ ಅಳೆದು ‘ಇದು ಹತ್ತಿರ, ಅದು ದೂರ’ ಎಂದು ತೀರ್ಪು ಕೊಡುತ್ತದೆ.

ಇದನ್ನು ಮೊದಲು ಪ್ರಯೋಗದಿಂದ ತೋರಿಸಿದವರು ಲಂಡನ್ನಿನ ಪ್ರಾಧ್ಯಾಪಕ ಚಾರ್ಲ್ಸ್ ವೀಟ್‌ಸ್ಟನ್, 1838ರಲ್ಲಿ. ಆಗಿನ್ನೂ ಫೋಟೋ ತೆಗೆಯುವ ವಿಧಾನ ಪ್ರಕಟವಾಗಿರಲಿಲ್ಲ. ಅವರು ಕೈಯಲ್ಲೇ ಎರಡು ರೇಖಾಚಿತ್ರ ಬರೆದು, ಎರಡು ಕನ್ನಡಿಗಳ ಮೂಲಕ ಒಂದೊಂದು ಕಣ್ಣಿಗೆ ಒಂದೊಂದನ್ನು ತೋರಿಸಿದರು. ಚಪ್ಪಟೆ ಗೆರೆಗಳು ಎದ್ದು ನಿಂತವು! ಆ ಉಪಕರಣದ ಹೆಸರೇ ಸ್ಟೀರಿಯೋಸ್ಕೋಪ್. ಡೇವಿಡ್ ಬ್ರೂಸ್ಟರ್ ಕನ್ನಡಿಯ ಬದಲು ಮಸೂರ ಬಳಸಿ ಅದನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡಿದರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿ ಮೆಚ್ಚಿಕೊಂಡ ಮೇಲೆ ಅದು ಮನೆಮನೆಯ ಆಟಿಕೆಯಾಯಿತು.

ಆದರೆ ಡಬ್ಬಿಗೆ ಒಂದು ಕೊರತೆ ಇತ್ತು. ನೀವು ತಲೆ ತಿರುಗಿಸಿದರೆ ಒಳಗಿನ ಚಿತ್ರವೂ ನಿಮ್ಮೊಡನೆ ತಿರುಗುತ್ತದೆ. ನಿಜವಾದ ಲೋಕ ಹಾಗಲ್ಲ. ನೀವು ತಿರುಗಿದರೂ ಅದು ಇದ್ದಲ್ಲೇ ಇರುತ್ತದೆ. ಈ ಕೊರತೆ ನೀಗಿಸಿದವರು ಅಮೆರಿಕದ ಐವನ್ ಸದರ್‌ಲ್ಯಾಂಡ್, 1968ರಲ್ಲಿ. ಪ್ರತಿ ಕಣ್ಣಿನೆದುರು ಒಂದು ಪುಟ್ಟ ಟಿವಿ ಪರದೆ, ತಲೆ ಎತ್ತ ತಿರುಗಿತೆಂದು ಅಳೆಯುವ ಸಲಕರಣೆ, ಅದಕ್ಕೆ ತಕ್ಕಂತೆ ಚಿತ್ರವನ್ನು ಬದಲಿಸುವ ಕಂಪ್ಯೂಟರ್. ಯಂತ್ರ ಎಷ್ಟು ಭಾರವಿತ್ತೆಂದರೆ ಅದನ್ನು ಛಾವಣಿಯಿಂದ ತೂಗುಹಾಕಬೇಕಾಯಿತು! ಕೂದಲೆಳೆಯಿಂದ ತಲೆಯ ಮೇಲೆ ಕತ್ತಿ ತೂಗುವ ಗ್ರೀಕ್ ಕಥೆಯನ್ನು ನೆನೆದು ಅದಕ್ಕೆ ‘ಡಾಮೊಕ್ಲಿಸನ ಕತ್ತಿ’ ಎಂಬ ಹೆಸರೂ ಬಿತ್ತು. ಕಂಡದ್ದು ಗಾಳಿಯಲ್ಲಿ ನಿಂತ ಗೆರೆಗಳ ಘನಾಕೃತಿಯಂಥವು ಮಾತ್ರ. ಆದರೆ ನೋಡುವವನು ಅದನ್ನು ಬೇರೆ ಬೇರೆ ಕೋನದಿಂದ ನೋಡಬಹುದಿತ್ತು. ಮಿಥ್ಯಾಲೋಕದ ಬಾಗಿಲು ತೆರೆದದ್ದು ಅಲ್ಲಿ.

ಮುಂದಿನದು ಬೇಗ ಹೇಳಬಹುದು. 1980ರ ದಶಕದಲ್ಲಿ ಜೇರನ್ ಲನಿಯರ್ ‘ವರ್ಚುಯಲ್ ರಿಯಾಲಿಟಿ’ ಎಂಬ ಹೆಸರನ್ನು ಜನಪ್ರಿಯಗೊಳಿಸಿದರು. ಇತ್ತ ಕನ್ನಡಕವಿಲ್ಲದೆಯೇ ಹಲವರು ಕಂಪ್ಯೂಟರಿನಲ್ಲಿ ಒಟ್ಟಿಗೆ ಸೇರುವ ಲೋಕಗಳೂ ಬೆಳೆದವು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ್ದು ಬರೀ ಅಕ್ಷರಗಳ ಲೋಕ. 1980ರ ದಶಕದ ನಡುವೆ ಬಂದ ‘ಹ್ಯಾಬಿಟಾಟ್’ ಎಂಬ ಆಟದಲ್ಲಿ ಪರದೆಯ ಮೇಲಿನ ನಮ್ಮ ಪ್ರತಿರೂಪಕ್ಕೆ ಇಟ್ಟ ಹೆಸರು ‘ಅವತಾರ್’. ನಮ್ಮ ಅವತಾರವೇ! 1995ರಲ್ಲಿ ನಿಂಟೆಂಡೊ ಕಂಪನಿ ತಂದ ‘ವರ್ಚುಯಲ್ ಬಾಯ್’ ಕೆಂಪು ಚಿತ್ರಗಳನ್ನಷ್ಟೇ ತೋರಿಸಿ, ತಲೆನೋವಿನ ದೂರು ಕೇಳಿ, ಮರುವರ್ಷವೇ ನಿಂತುಹೋಯಿತು. ಆಮೇಲೆ ಮೊಬೈಲ್ ಫೋನಿನಿಂದಾಗಿ ಪುಟ್ಟ ಪರದೆಗಳೂ ಚಲನೆ ಅಳೆಯುವ ಬಿಲ್ಲೆಗಳೂ ಅಗ್ಗವಾದವು. 2012ರಲ್ಲಿ ಇನ್ನೂ ಇಪ್ಪತ್ತು ತುಂಬದ ಪಾಮರ್ ಲಕಿ ಎಂಬ ಯುವಕ ‘ಆಕ್ಯುಲಸ್’ ಹೆಡ್‌ಸೆಟ್ ತಯಾರಿಕೆಗೆ ಜನರಿಂದಲೇ ಹಣ ಕೂಡಿಸಿದ. 2014ರಲ್ಲಿ ಫೇಸ್‌ಬುಕ್ ಸುಮಾರು 200 ಕೋಟಿ ಡಾಲರ್ ಬೆಲೆಗೆ ಆ ಕಂಪನಿಯನ್ನು ಕೊಂಡಿತು. ಅದೇ ವರ್ಷ ಗೂಗಲ್ ತಂದದ್ದು ಏನು ಗೊತ್ತೇ? ಫೋನ್ ಸಿಕ್ಕಿಸುವ ರಟ್ಟಿನ ಡಬ್ಬಿ! 2024ರಲ್ಲಿ ಆಪಲ್ ತಂದ ಹೆಡ್‌ಸೆಟ್ಟಿನ ಬೆಲೆ 3,499 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ ರೂಪಾಯಿ.

ಇಷ್ಟು ಹಣ, ಇಷ್ಟು ವರ್ಷ. ಆದರೂ ಇದು ಟಿವಿಯ ಹಾಗೆ ಮನೆಮನೆಗೆ ಏಕೆ ಬರಲಿಲ್ಲ? ಬೆಲೆ ಒಂದು ಕಾರಣ. ನಮ್ಮ ದೇಹ ಇನ್ನೊಂದು ಕಾರಣ.

ಆಗುಂಬೆ ಘಾಟಿಯಲ್ಲಿ ಬಸ್ಸಿನಲ್ಲಿ ಕುಳಿತು ಪುಸ್ತಕ ಓದಿದ್ದೀರಾ? ಎರಡು ತಿರುವಿಗೆ ಹೊಟ್ಟೆ ತೊಳಸುತ್ತದೆ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ. ತಲೆ ತಿರುಗಿದ್ದನ್ನು ಅವು ಮಿದುಳಿಗೆ ತಿಳಿಸುತ್ತವೆ. ಬಸ್ಸಿನಲ್ಲಿ ಕಿವಿ ‘ಚಲಿಸುತ್ತಿದ್ದೇವೆ’ ಎನ್ನುತ್ತದೆ, ಪುಟ ನೋಡುವ ಕಣ್ಣು ‘ಇಲ್ಲ’ ಎನ್ನುತ್ತದೆ. ಇಬ್ಬರು ಸಾಕ್ಷಿಗಳು ಎರಡು ಮಾತಾಡಿದರೆ ಮಿದುಳು ಗಲಿಬಿಲಿಯಾಗುತ್ತದೆ. ಹೆಡ್‌ಸೆಟ್ಟಿನಲ್ಲಿ ಇದು ತಿರುಗುಮುರುಗು. ಕಣ್ಣು ‘ಹಾರುತ್ತಿದ್ದೇವೆ’ ಎನ್ನುವಾಗ ಕಿವಿ ‘ಕುರ್ಚಿಯಲ್ಲೇ ಇದ್ದೇವೆ’ ಎನ್ನುತ್ತದೆ. ತಲೆ ತಿರುಗಿಸಿದ ಮೇಲೆ ಚಿತ್ರ ಬದಲಾಗಲು ತುಸು ತಡವಾದರೂ ಇದೇ ಕಷ್ಟ. ಆದ್ದರಿಂದಲೇ ಎಂಜಿನಿಯರುಗಳು ಆ ವಿಳಂಬವನ್ನು ಸೆಕೆಂಡಿನ 50ರಲ್ಲಿ ಒಂದು ಪಾಲಿಗಿಂತ ಕೆಳಗಿಳಿಸಲು ಹೆಣಗಿದರು.

ಇನ್ನೊಂದು ತೊಡಕು ಕಣ್ಣಿನದೇ. ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣು ಒಳಕ್ಕೆ ವಾಲುತ್ತವೆ, ಜೊತೆಗೆ ಕಣ್ಣಿನ ಮಸೂರವೂ ದಪ್ಪವಾಗುತ್ತದೆ. ಎರಡೂ ಜೋಡಿ ಎತ್ತುಗಳಂತೆ ಒಟ್ಟಿಗೆ ನಡೆಯುವ ಕೆಲಸ. ಸಾಮಾನ್ಯ ಹೆಡ್‌ಸೆಟ್ಟಿನಲ್ಲಿ ಚಿತ್ರ ಹತ್ತಿರ ಬಂದಂತೆ ಕಂಡರೂ ಬೆಳಕು ಬರುವುದು ಒಂದೇ ನಿಗದಿತ ದೂರದಿಂದ ಬಂದಂತೆ. ಒಂದು ಎತ್ತು ಹೊರಟಿತು, ಇನ್ನೊಂದು ನಿಂತೇ ಇತ್ತು! ಕಣ್ಣು ದಣಿಯುವುದು ಇದರಿಂದ. ಇದನ್ನು ಸರಿಪಡಿಸಲು ದೂರಕ್ಕೆ ತಕ್ಕಂತೆ ಬದಲಾಗುವ ಮಸೂರಗಳ ಪ್ರಯೋಗ ನಡೆದಿದೆ. ಮಿಥ್ಯಾಲೋಕದ ಭವಿಷ್ಯ ಅಡಗಿರುವುದು ಚಿತ್ರದ ಥಳುಕಿನಲ್ಲಿ ಅಲ್ಲ, ಇಂಥ ಕೆಲಸಗಳಲ್ಲಿ ಎಂದು ನನ್ನ ಎಣಿಕೆ.

ಉಪಯೋಗವಿಲ್ಲವೇ? ಖಂಡಿತ ಇದೆ. ಸುಟ್ಟಗಾಯದ ರೋಗಿಗಳಿಗೆ ಗಾಯ ತೊಳೆಯುವಾಗ ಹಿಮದ ಕಣಿವೆಯ ಲೋಕ ತೋರಿಸಿ ನೋವಿನ ಅರಿವು ಕಡಿಮೆ ಮಾಡುವ ಕೆಲಸವನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮಾಡಿ ತೋರಿಸಿದ್ದಾರೆ. ನಾಸಾ ತನ್ನ ಗಗನಯಾತ್ರಿಗಳಿಗೆ ಬಾಹ್ಯಾಕಾಶದ ನಡಿಗೆಯನ್ನು ಹೀಗೆ ಅಭ್ಯಾಸ ಮಾಡಿಸುತ್ತದೆ. ಆದರೆ ಮಕ್ಕಳ ಕಣ್ಣು ಇನ್ನೂ ಬೆಳೆಯುವ ಕಣ್ಣು. ಫೇಸ್‌ಬುಕ್ಕಿನ ಈಗಿನ ಮಾತೃಸಂಸ್ಥೆ ಮೆಟಾ ತನ್ನ ಹೆಡ್‌ಸೆಟ್ಟಿಗೆ ಮೊದಲು 13 ವರ್ಷದ ಮಿತಿ ಇಟ್ಟಿತ್ತು. 2023ರಲ್ಲಿ ತಂದೆತಾಯಿಯ ಒಪ್ಪಿಗೆ ಇದ್ದರೆ 10 ವರ್ಷಕ್ಕೆ ಸಾಕು ಎಂದಿತು. ಪಾಲಕರು ಕಂಪನಿಯ ಲೆಕ್ಕದ ಜೊತೆಗೆ ಮಗುವಿನ ಮುಖವನ್ನೂ ನೋಡಬೇಕು. ತಲೆಸುತ್ತು, ಕಣ್ಣುಜ್ಜುವಿಕೆ ಕಂಡರೆ ಅಲ್ಲಿಗೇ ನಿಲ್ಲಿಸಿ.

ಈಗ ಆ ಹುಡುಗನ ವಿಷಯ. ಮರುದಿನ ಅವನನ್ನು ಕರೆದು ಒಂದು ಕಣ್ಣು ಮುಚ್ಚಿಸಿ ಹಲಗೆಯ ಮೇಲಿನದನ್ನು ಓದಿಸಿದೆ. ಬಲಗಣ್ಣಿನಿಂದ ಸರಾಗವಾಗಿ ಓದಿದ. ಎಡಗಣ್ಣಿನಿಂದ ‘ಮಬ್ಬು ಸಾರ್, ಮೊದಲಿಂದಲೂ ಹೀಗೇ’ ಎಂದ. ಅವನ ತಂದೆಯನ್ನು ಕರೆಸಿದೆ. ‘ಅವನು ಕ್ರಿಕೆಟ್ ಆಡ್ತಾನೆ, ಸೈಕಲ್ ಹೊಡೀತಾನೆ, ಕಣ್ಣಿಗೇನಾಗಿದೆ ಮೇಷ್ಟ್ರೇ?’ ಎಂದರು. ಅವರ ತಪ್ಪಲ್ಲ. ಒಂದು ಕಣ್ಣು ಚೆನ್ನಾಗಿದ್ದರೆ ಮಗು ಗಾತ್ರ, ನೆರಳು, ಚಲನೆಗಳಿಂದ ದೂರವನ್ನು ಊಹಿಸಿಕೊಂಡು ಎಲ್ಲ ಕೆಲಸ ನಿಭಾಯಿಸುತ್ತದೆ. ಕಣ್ಣಿನ ವೈದ್ಯರು ಪರೀಕ್ಷಿಸಿ, ಇದು ‘ಸೋಮಾರಿ ಕಣ್ಣು’, ಆಂಬ್ಲಿಯೋಪಿಯಾ ಎಂದರು. ಚಿಕ್ಕಂದಿನಲ್ಲಿ ಒಂದು ಕಣ್ಣಿನ ಚಿತ್ರ ಮಸುಕಾಗಿದ್ದರೆ ಮಿದುಳು ಆ ಚಿತ್ರವನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಡುತ್ತದೆ. ಚಿತ್ರ ಎರಡಿಲ್ಲದ ಮೇಲೆ ವ್ಯತ್ಯಾಸ ಎಲ್ಲಿಂದ? ನನ್ನ ಡಬ್ಬಿ ಅವನಿಗೆ ನಿಜವಾಗಿಯೂ ಬರೀ ಫೋಟೋ ಆಗಿತ್ತು. ತರಗತಿಯಲ್ಲಿ ಸರಿಯಾಗಿ ಗಮನಿಸಿದವನು ಅವನೇ, ಗಮನಿಸದವನು ನಾನು.

ಈ ತೊಂದರೆ ನೂರರಲ್ಲಿ ಎರಡು ಮೂರು ಮಕ್ಕಳಿಗೆ ಇರುತ್ತದೆ. ಏಳು ವರ್ಷದೊಳಗೆ ಗೊತ್ತಾದರೆ ಕನ್ನಡಕ ಕೊಟ್ಟು, ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ ಹೆಚ್ಚಿನ ಮಕ್ಕಳ ದೃಷ್ಟಿ ಸುಧಾರಿಸಬಹುದು. ಇವನಿಗೆ ಆಗಲೇ ಹದಿಮೂರು. ‘ಪ್ರಯತ್ನ ಮಾಡೋಣ, ಮಾತು ಕೊಡಲಾರೆ’ ಎಂದರು ವೈದ್ಯರು. ಈಗ ಕನ್ನಡಕ ಇದೆ, ಸಂಜೆ ಪಟ್ಟಿ ಕಟ್ಟಿಕೊಂಡು ಓದುತ್ತಾನೆ. ಎಡಗಣ್ಣಿನಿಂದ ಎರಡು ಸಾಲು ಹೆಚ್ಚು ಓದುತ್ತಾನೆ. ತಿಂಗಳಿಗೊಮ್ಮೆ ಡಬ್ಬಿ ಕೇಳಿ ಪಡೆದು ನೋಡಿ, ‘ಇನ್ನೂ ಇಲ್ಲ ಸಾರ್’ ಎಂದು ಹಿಂದಿರುಗಿಸುತ್ತಾನೆ.

ಪಾಲಕರೇ, ಶಾಲೆಗೆ ಸೇರಿಸುವ ಮುಂಚೆ ಮಗುವಿನ ಒಂದೊಂದೇ ಕಣ್ಣನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ. ಎರಡೂ ತೆರೆದಿಟ್ಟು ಓದಿಸಿದರೆ ಏನೂ ತಿಳಿಯುವುದಿಲ್ಲ. ಮಕ್ಕಳೇ, ಈ ಭಾನುವಾರ ನೀವೂ ಒಂದು ಡಬ್ಬಿ ಮಾಡಿ, ತಮ್ಮ ತಂಗಿಯರಿಗೆ ತೋರಿಸಿ. ಯಾರಾದರೂ ‘ಇದರಲ್ಲೇನಿದೆ?’ ಎಂದರೆ ನಗಬೇಡಿ. ಅಪ್ಪ ಅಮ್ಮನಿಗೆ ಹೇಳಿ.