ಕಸ ಬೇರ್ಪಡಿಸುವ ಕೈ ಯಾರದು?

ಪುಣೆಗೆ ಹೊಸದಾಗಿ ಬಂದ ಕನ್ನಡಿಗರು ಮೊದಲ ವಾರದಲ್ಲೇ ಕಲಿಯಬೇಕಾದ ಮರಾಠಿ ಪದಗಳು ಎರಡು: ಓಲಾ, ಸುಕಾ. ಓಲಾ ಎಂದರೆ ಹಸಿ, ಸುಕಾ ಎಂದರೆ ಒಣ. ‘ಓಲಾ’ ನಮ್ಮ ಕಿವಿಗೆ ‘ಒಣ’ದ ಹತ್ತಿರ ಕೇಳುವುದರಿಂದ ಬಕೆಟ್ ಅದಲುಬದಲು ಮಾಡುವವರಿದ್ದಾರೆ. ಕರಾವಳಿಯವರಿಗೆ ಈ ತೊಂದರೆಯಿಲ್ಲ. ಕೋಳಿ ಸುಕ್ಕ ತಿಂದು ಬೆಳೆದವರಿಗೆ ಸುಕಾ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಎರಡು ಬಕೆಟ್‌ಗಳ ವಿಷಯ ಈಗ ನಮ್ಮ ಸೊಸೈಟಿಯ ವಾರ್ಷಿಕ ಸಭೆಗೆ ಬರಲಿದೆ. ಸದ್ಯ ದಿನವೂ ಬೆಳಿಗ್ಗೆ ಒಬ್ಬ ಹೆಂಗಸು ಮನೆಬಾಗಿಲಿಗೆ ಬಂದು ಕಸ ಒಯ್ಯುತ್ತಾರೆ. ಎಲ್ಲರೂ ಅವರನ್ನು ‘ತಾಯಿ’ ಎನ್ನುತ್ತಾರೆ. ಮರಾಠಿಯಲ್ಲಿ ಅಕ್ಕ ಎಂದರ್ಥ, ನಮಗೆ ಅಮ್ಮ ಎಂದು ಕೇಳುತ್ತದೆ. ಇನ್ನು ಮುಂದೆ ಅವರು ಬೇಡ, ಪಾರ್ಕಿಂಗ್ ಮೂಲೆಯಲ್ಲಿ ನಾಲ್ಕು ದೊಡ್ಡ ಡ್ರಮ್ ಇಡೋಣ, ಯಾರು ಯಾವಾಗ ಬೇಕಾದರೂ ಚೀಲ ತಂದು ಹಾಕಲಿ, ಗುತ್ತಿಗೆದಾರನ ಗಾಡಿ ಬಂದು ಒಯ್ಯಲಿ ಎಂಬುದು ಪ್ರಸ್ತಾಪ. ಕಾರಣ ಖರ್ಚಲ್ಲ. ಹಸಿ-ಒಣ ಬೆರೆಸಿದ ಬಕೆಟ್ಟನ್ನು ಅವರು ಮುಟ್ಟುವುದಿಲ್ಲ, ಬಾಗಿಲಲ್ಲೇ ನಿಂತು ‘ಹೀಗೆ ಕೊಡಬೇಡಿ’ ಎನ್ನುತ್ತಾರೆ. ‘ಕಸದವಳ ಹತ್ತಿರ ಮಾತು ಕೇಳಿಸಿಕೊಳ್ಳಬೇಕೇ?’ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಬರೆದರು. ಅದಕ್ಕೆ ಸಾಲುಸಾಲು ಹೆಬ್ಬೆರಳು ಬಿದ್ದವು.

ನಾನು ಈ ಪ್ರಸ್ತಾಪದ ವಿರುದ್ಧ. ಮಾತು ಕೇಳಿಸಿಕೊಳ್ಳಬೇಕು ಎನ್ನುವುದೇ ನನ್ನ ವಾದ.

ಈ ತಾಯಂದಿರ ಹಿನ್ನೆಲೆ ಊರಿನ ಓದುಗರಿಗೆ ತಿಳಿದಿರಲಿಕ್ಕಿಲ್ಲ. ಪುಣೆಯ ಬೀದಿಗಳಲ್ಲಿ, ತಿಪ್ಪೆಗಳಲ್ಲಿ ಚಿಂದಿ ಆಯುತ್ತಿದ್ದವರು 1993ರಲ್ಲಿ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘ ಕಟ್ಟಿಕೊಂಡರು. ಹೆಚ್ಚಿನವರು ದಲಿತ ಹೆಂಗಸರು. 1972ರ ಬರಗಾಲದಲ್ಲಿ ಮರಾಠವಾಡದ ಹಳ್ಳಿ ಬಿಟ್ಟು ಬಂದ ಕುಟುಂಬಗಳೂ ಇದರಲ್ಲಿವೆ. ಅದೇ ಸಂಘದಿಂದ ಹುಟ್ಟಿದ ‘ಸ್ವಚ್ಛ’ ಸಹಕಾರಿ ಸಂಸ್ಥೆ 2008ರಲ್ಲಿ ಮಹಾನಗರಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಸಂಗ್ರಹಕ್ಕೆ ಇಳಿಯಿತು. ಸಂಬಳವಿಲ್ಲ. ಮನೆಯವರು ಕೊಡುವ ತಿಂಗಳ ಶುಲ್ಕ, ಜೊತೆಗೆ ಒಣ ಕಸದಲ್ಲಿ ಆಯ್ದದ್ದನ್ನು ಮಾರಿ ಬಂದದ್ದು, ಇಷ್ಟೇ ಅವರ ಆದಾಯ. ನಮ್ಮ ಸೊಸೈಟಿಯಲ್ಲಿ ಆ ಶುಲ್ಕ ಮನೆಗೆ ಎಂಬತ್ತು ರೂಪಾಯಿ. ಅದಕ್ಕೂ ಎರಡೆರಡು ತಿಂಗಳು ‘ನಾಳೆ ಬಾ’ ಎನ್ನುವ ಮನೆಗಳಿವೆ. ಓಟಿಟಿ ಚಂದಾ ಮಾತ್ರ ತಾನಾಗಿಯೇ ಖಾತೆಯಿಂದ ಕಡಿತವಾಗುತ್ತದೆ.

ಕಸ ಬೇರ್ಪಡಿಸುವುದು, ಬಿಡುವುದು ನಮ್ಮ ಇಷ್ಟ ಎಂದುಕೊಂಡಿದ್ದೇವೆ. ಹಾಗಿಲ್ಲ, ಕಸ ಹೇಗೂ ಬೇರೆಯಾಗುತ್ತದೆ. ರಟ್ಟು, ಬಾಟಲಿ, ಹಾಲಿನ ಪ್ಯಾಕೆಟ್ಟಿಗೆ ಬೆಲೆ ಇರುವವರೆಗೆ ಯಾರೋ ಒಬ್ಬರು ಅವನ್ನು ಹೆಕ್ಕಿಯೇ ತೆಗೆಯುತ್ತಾರೆ. ಯಾವಾಗ, ಯಾರು ಎನ್ನುವುದಷ್ಟೇ ಪ್ರಶ್ನೆ. ನಾನು ಮಾಡಿದರೆ ಅರ್ಧ ನಿಮಿಷದ ಕೆಲಸ. ಸಿಪ್ಪೆ ಈ ಡಬ್ಬಿಗೆ, ಕವರು ಆ ಚೀಲಕ್ಕೆ, ಕೈಗೆ ಏನೂ ಅಂಟುವುದಿಲ್ಲ. ನಾನು ಮಾಡದಿದ್ದರೆ ಅದೇ ಕೆಲಸ ನಾಲ್ಕು ಗಂಟೆ ಬಿಸಿಲಲ್ಲಿ ಕುದಿದ ಮೇಲೆ ಆಗುತ್ತದೆ. ಹುಳಿ ಬಂದ ಸಾಂಬಾರು, ಡೈಪರು, ಒಡೆದ ಗಾಜು, ಬ್ಲೇಡಿನ ನಡುವೆ ಇನ್ನೊಬ್ಬರ ಕೈ ಆಡಬೇಕಾಗುತ್ತದೆ.

ಅದೂ ಬರೀ ಹೇಸಿಗೆಯ ಪ್ರಶ್ನೆಯಲ್ಲ, ದುಡ್ಡಿನದು. ಒಣಗಿದ ರಟ್ಟಿಗೆ ಗುಜರಿಯಲ್ಲಿ ಬೆಲೆಯಿದೆ. ಅದರ ಮೇಲೆ ಒಂದು ಸೌಟು ಬೇಳೆ ಬಿದ್ದರೆ ಅದಕ್ಕೆ ಬೆಲೆಯಿಲ್ಲ. ಅಂದರೆ ಉಳಿದ ಅನ್ನ-ಸಾರನ್ನು ಪಿಜ್ಜಾ ಡಬ್ಬಿಯ ಜೊತೆ ಸೇರಿಸಿ ಗಂಟು ಕಟ್ಟಿಡುವವರು ಆ ತಾಯಿಯ ಕಿಸೆಯಿಂದ ಅಷ್ಟು ಕಾಸು ತೆಗೆದ ಹಾಗೆ. ಅವರು ಬಾಗಿಲಲ್ಲಿ ನಿಂತು ಜಗಳ ಮಾಡುವುದು ಪರಿಸರದ ಮೇಲಿನ ಪ್ರೀತಿಯಿಂದಲೇ ಇರಬೇಕೆಂದೇನೂ ಇಲ್ಲ. ದುಡಿದ ಕೂಲಿ ಕೇಳುತ್ತಿದ್ದಾರೆ.

ಡ್ರಮ್ ಬಂದರೆ ಈ ಜಗಳ ನಿಲ್ಲುತ್ತದೆ, ನಿಜ. ಯಾರ ಚೀಲ ಯಾವುದೆಂದು ಗೊತ್ತಾಗದ ಕಡೆ ಯಾರನ್ನು ಕೇಳುವುದು? ಬಾಗಿಲಲ್ಲಿ ಬಕೆಟ್ ಕೊಡುವಾಗ ಇರುವ ಸಣ್ಣ ಸಂಕೋಚ ಡ್ರಮ್ಮಿನ ಮುಂದೆ ಇರುವುದಿಲ್ಲ. ಹಿಂದೆ ನಾನು ಬಾಡಿಗೆಗಿದ್ದ ಕಟ್ಟಡದಲ್ಲಿ ಹೀಗೇ ಡ್ರಮ್ ಇತ್ತು. ಹಸಿರು ಯಾವುದು, ನೀಲಿ ಯಾವುದು ಎಂದು ಬೋರ್ಡೂ ಇತ್ತು. ಎರಡರಲ್ಲೂ ಎಲ್ಲವೂ ಇರುತ್ತಿತ್ತು.

‘ನಮ್ಮಜ್ಜಿಯ ಕಾಲದಲ್ಲಿ ಕಸವೇ ಇರಲಿಲ್ಲ’ ಎಂಬ ಮಾತು ಇಲ್ಲಿನ ಕನ್ನಡ ಕೂಟಗಳಲ್ಲಿ ಆಗಾಗ ಕೇಳುತ್ತೇನೆ. ಅಕ್ಕಿ ತೊಳೆದ ನೀರು, ಗಂಜಿ, ಸಿಪ್ಪೆ ಕಲಗಚ್ಚಿಗೆ ಹೋಗಿ ಹಸುವಿನ ಹೊಟ್ಟೆ ಸೇರುತ್ತಿತ್ತು; ಸಗಣಿ, ಬೂದಿ ತಿಪ್ಪೆಗೆ ಹೋಗಿ ವರ್ಷಕ್ಕೊಮ್ಮೆ ಗದ್ದೆಗೆ ಬೀಳುತ್ತಿತ್ತು. ಬೇರ್ಪಡಿಸುವುದು ನಮಗೆ ಹೊಸದಲ್ಲ, ಸರಿ. ಆದರೆ ಆ ತಿಪ್ಪೆ ಎತ್ತಿದವರು ಯಾರು, ಊಟದ ನಂತರ ಎಂಜಲೆಲೆ ಬಳಿದವರು ಯಾರು ಎಂದು ಕೂಟದಲ್ಲಿ ಯಾರೂ ಕೇಳುವುದಿಲ್ಲ. ಪುಣೆಯ ಫ್ಲ್ಯಾಟಿನಲ್ಲಿ ಹಸು ಇಲ್ಲ, ತಿಪ್ಪೆ ಇಲ್ಲ. ‘ಯಾರೋ ಎತ್ತುತ್ತಾರೆ’ ಎಂಬ ಭಾವನೆಯೊಂದು ಮಾತ್ರ ನಮ್ಮ ಸಾಮಾನಿನ ಜೊತೆ ಲಾರಿ ಹತ್ತಿ ಬಂದಿದೆ.

ನಮ್ಮಂಥ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವಲ್ಲಿ ಕಸ ಮುಟ್ಟುವವರು ನಾವಲ್ಲ, ಅಡುಗೆಯವರು, ಪಾತ್ರೆಯವರು. ಅವರಿಗೆ ಸರಿಯಾಗಿ ಹೇಳಿಕೊಡದೆ, ಎರಡನೇ ಡಬ್ಬಿಯನ್ನೂ ಇಡದೆ ‘ನಮ್ಮ ಬಾಯಿ ಬೆರೆಸಿಬಿಟ್ಟಳು’ ಎನ್ನುವುದು ಸುಲಭ. ನಮ್ಮ ಮನೆಯಲ್ಲಿ ಸಿಂಕಿನ ಪಕ್ಕ ತೂತಿನ ಬುಟ್ಟಿಯಿದೆ. ಸಾರಿನ ನೀರು ಅಲ್ಲೇ ಸೋರಿಹೋಗಿ, ಹುಣಸೆಯ ಹಿಪ್ಪೆ, ಕರಿಬೇವಿನ ಕಡ್ಡಿ, ಜಗಿದ ನುಗ್ಗೆಕಾಯಿ, ಚಹಾದ ಚರಟ ಮಾತ್ರ ಹಸಿ ಡಬ್ಬಿಗೆ ಹೋಗುತ್ತದೆ. ಡಬ್ಬಿಗೆ ಪ್ಲಾಸ್ಟಿಕ್ ಚೀಲವಿಲ್ಲ, ತಳಕ್ಕೆ ಹಳೇ ಪೇಪರು. ಕರಿ ಚೀಲಕ್ಕೆ ಹಾಕಿ ಗಂಟು ಬಿಗಿದರೆ ಅದನ್ನು ಹರಿಯುವ ಕೆಲಸವೂ ಅವರದೇ. ತೆಂಗಿನ ಕರಟ, ನಾರು ನಮ್ಮ ಮನೆಗಳಲ್ಲಿ ಇತರರಿಗಿಂತ ಹೆಚ್ಚು. ಅವು ಬೇಗ ಕೊಳೆಯುವುದಿಲ್ಲ, ಹಾಗಾಗಿ ಬೇರೆ ಚೀಲ. ಸ್ಯಾನಿಟರಿ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಇಡಿ ಎಂದು ಸ್ವಚ್ಛದವರು ವರ್ಷಗಳಿಂದ ಕೇಳುತ್ತಿದ್ದಾರೆ. ಒಂದು ಸ್ಕೆಚ್ ಪೆನ್ನಿನ ಖರ್ಚು. ದೇವರ ಮನೆಯ ನಿರ್ಮಾಲ್ಯವೂ ಹಸಿ ಕಸವೇ. ಅದನ್ನು ಕ್ಯಾರಿಬ್ಯಾಗಿನಲ್ಲಿ ಕಟ್ಟಿ ಸೇತುವೆ ಮೇಲಿಂದ ಮುಠಾ ನದಿಗೆ ಎಸೆದರೆ ಯಾವ ದೇವರಿಗೆ ಸಲ್ಲುತ್ತದೋ ನಾನರಿಯೆ.

‘ನಾವು ಬೇರೆ ಮಾಡಿದರೂ ಗಾಡಿಯಲ್ಲಿ ಎಲ್ಲ ಒಂದೇ ಮಾಡುತ್ತಾರೆ’ ಎಂಬುದು ಎಲ್ಲ ಊರುಗಳಲ್ಲೂ ಕೇಳುವ ಆಕ್ಷೇಪ. ಕೆಲವೆಡೆ ಅದು ಸುಳ್ಳೂ ಅಲ್ಲ. ಹಾಗಾದಾಗ ವಾರ್ಡ್ ಆಫೀಸಿಗೆ ದೂರು ಕೊಡಬೇಕು. ಆದರೆ ಈ ಆಕ್ಷೇಪ ಎತ್ತುವವರು ಯಾರೂ ಗಾಡಿಯ ಹಿಂದೆ ಹೋಗಿ ನೋಡಿದವರಲ್ಲ. ನಮ್ಮ ಕಟ್ಟಡದ ಮಟ್ಟಿಗೆ ನಾನು ದಿನವೂ ನೋಡುತ್ತೇನೆ. ಗಾಡಿ ಬರುವ ಮೊದಲೇ ತಾಯಿ ಗೇಟಿನ ಪಕ್ಕದ ಕಟ್ಟೆಯಲ್ಲಿ ಕೂತು ಒಣ ಕಸ ವಿಂಗಡಿಸಿ ಮುಗಿಸಿರುತ್ತಾರೆ.

ಕಸ ಎತ್ತುವವರ ಆಚೆ ಇನ್ನೂ ಕೆಲವರಿದ್ದಾರೆ. ಪುಣೆಯ ಕಸ ದಶಕಗಟ್ಟಲೆ ಹೋಗಿ ಬಿದ್ದದ್ದು ಉರುಳಿ ದೇವಾಚಿ, ಫುರಸುಂಗಿ ಎಂಬ ಹಳ್ಳಿಗಳ ಪಕ್ಕದಲ್ಲಿ. ಅಲ್ಲಿನವರು ಲಾರಿ ತಡೆದದ್ದು ಒಂದೆರಡು ಸಲವಲ್ಲ. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ, ಮಂಡೂರು ನೆನಪಿರುತ್ತದೆ. ಅಲ್ಲೂ ಊರವರು ರಸ್ತೆಗೆ ಇಳಿದ ಮೇಲೆಯೇ ನಗರಕ್ಕೆ ತನ್ನ ಕಸ ಕಂಡದ್ದು. ನಮ್ಮ ನಗರಗಳ ಕಸದಲ್ಲಿ ಅರ್ಧದಷ್ಟು ಅಡುಗೆಮನೆಯ ಹಸಿ ಕಸ. ಗುಡ್ಡೆಯ ಅಡಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುವುದೂ, ನಾತದ ನೀರು ಇಳಿಸುವುದೂ ಅದೇ. ಬೇರೆಯಾಗಿ ಬಂದರೆ ಅದೇ ಗೊಬ್ಬರ, ಅದೇ ಗ್ಯಾಸು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದರಿಂದ 2000ದಲ್ಲಿ ದೇಶಕ್ಕೆ ಕಸದ ನಿಯಮಗಳು ಬಂದವು. ಬೇರ್ಪಡಿಸಿ ಕೊಡುವುದು, ಶುಲ್ಕ ಕೊಡುವುದು ಮನೆಯವರ ಹೊಣೆ ಎಂದು 2016ರ ನಿಯಮಗಳು ಸ್ಪಷ್ಟವಾಗಿಯೇ ಹೇಳಿದವು. ಅಂದರೆ ತಾಯಿ ಬಾಗಿಲಲ್ಲಿ ನಿಂತು ಹೇಳುತ್ತಿರುವುದು ಕಾನೂನನ್ನೇ, ಲಾಯರು ಹೇಳುವುದಕ್ಕಿಂತ ಕಡಿಮೆ ಫೀಸಿನಲ್ಲಿ.

ಸಭೆಯಲ್ಲಿ ಡ್ರಮ್ಮಿನ ಪ್ರಸ್ತಾಪಕ್ಕೆ ಬೇಡ ಎಂದು ಕೈ ಎತ್ತುವುದರ ಜೊತೆಗೆ ನನ್ನದೊಂದು ಪ್ರಸ್ತಾಪವನ್ನೂ ಬರೆದುಕೊಟ್ಟಿದ್ದೇನೆ. ಶುಲ್ಕವನ್ನು ಮೇಂಟೆನೆನ್ಸಿನಲ್ಲೇ ಸೇರಿಸಿ ಒಂದನೇ ತಾರೀಕು ಒಟ್ಟಿಗೆ ಕೊಡುವುದು. ಅವರು ವಿಂಗಡಿಸಲು ಕೂರುವ ಕಟ್ಟೆಗೆ ತಗಡಿನ ಮಾಡು, ಕೈ ತೊಳೆಯಲು ಒಂದು ನಲ್ಲಿ. ಕೆಲಸದ ನಡುವೆ ಅವರು ಲಿಫ್ಟ್ ಬಳಸಬಾರದು ಎಂದು ಅಂಟಿಸಿರುವ ಚೀಟಿಯನ್ನು ಕಿತ್ತು ಹಾಕುವುದು. ನಮ್ಮದು ಹನ್ನೊಂದು ಮಹಡಿಯ ಕಟ್ಟಡ. ಐವತ್ತು ದಾಟಿದ ಹೆಂಗಸು ಎರಡು ಕೈಯಲ್ಲಿ ನಮ್ಮ ಕಸ ಹಿಡಿದು ಮೆಟ್ಟಿಲಿಳಿಯುತ್ತಿದ್ದಾರೆ.