ಅಜ್ಜಿಯ ಕೋಳಿಗೆ ಗಾಯವಾದರೆ

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗುವುದಿಲ್ಲ ಎಂದುಕೊಂಡಿದ್ದ ಅಜ್ಜಿಯ ಕತೆ ನಮಗೆಲ್ಲ ಗೊತ್ತು. ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಊರು ಬಿಟ್ಟು ಹೋದ ಆ ಅಜ್ಜಿಯನ್ನು ಕಂಡು ನಗುವುದನ್ನು ನಾವು ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಗತ್ತು ತೋರಿಸುವವರನ್ನು ಜಂಬದ ಕೋಳಿ ಎನ್ನುತ್ತೇವೆ. ಬಿಸಿಲಿಗೆ ಬಾಡುವ ಹುಡುಗರನ್ನು ಫಾರಂ ಕೋಳಿ ಎನ್ನುತ್ತೇವೆ. ಯಾರ ಅಭಿಪ್ರಾಯವೂ ಬೇಕಿಲ್ಲ ಅನ್ನಿಸಿದಾಗ 'ಕೋಳಿ ಕೇಳಿ ಮಸಾಲೆ ಅರೀತಾರಾ' ಎಂದು ಮಾತು ಮುಗಿಸುತ್ತೇವೆ. ಕನ್ನಡದಲ್ಲಿ ಹಸುವಿಗೆ ಹಾಡಿದೆ, ಕೋಳಿಗೆ ಗಾದೆ ಇದೆ.

ಗಾದೆಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ನಗು ಗಾದೆಯಲ್ಲೇ ನಿಲ್ಲದೆ ಪಶು ಆಸ್ಪತ್ರೆಯ ಮೆಟ್ಟಿಲವರೆಗೂ ಬರುತ್ತದೆ, ಯೋಜನೆಗಳ ಕಡತದೊಳಗೂ ಹೋಗಿ ಕೂರುತ್ತದೆ. ಮುಂಗುಸಿಯೋ ಕಾಡುಬೆಕ್ಕೋ ಬೀದಿನಾಯಿಯೋ ಬಾಯಿ ಹಾಕಿದ ನಾಟಿಕೋಳಿಯನ್ನು ಉಳಿಸಿಕೊಳ್ಳಲು ಹೊರಟವರಿಗೆ ಎರಡು ಕಡೆಯಿಂದ ಮಾತು ಬೀಳುತ್ತದೆ. ಒಂದು ಕಡೆಯವರು 'ಇದಕ್ಯಾಕೆ ಇಷ್ಟು ಒದ್ದಾಟ, ಕೊಯ್ದು ಸಾರು ಮಾಡಿ' ಎನ್ನುತ್ತಾರೆ. ಇನ್ನೊಂದು ಕಡೆಯವರು 'ಹೇಗೂ ತಿನ್ನುವವರು, ಈ ಕರುಣೆಯ ನಾಟಕ ಯಾಕೆ' ಎನ್ನುತ್ತಾರೆ. ಮೊದಲನೆಯವರ ಕಣ್ಣಿಗೆ ಈ ಆರೈಕೆ ದಡ್ಡತನ, ಎರಡನೆಯವರ ಕಣ್ಣಿಗೆ ಕಪಟ. ಇಬ್ಬರಿಗೂ ಉತ್ತರ ಕೊಡುವುದಿದೆ.

ಹೋದ ಮಳೆಗಾಲದಲ್ಲಿ ಹಾಸನ ಜಿಲ್ಲೆಯ ನಮ್ಮೂರಿನ ಮನೆಯಲ್ಲಿ ಬೂದುಬಣ್ಣದ ಹ್ಯಾಟೆಯೊಂದರ ಮೇಲೆ ಮುಂಗುಸಿ ಬಿದ್ದಿತ್ತು. ಬೆನ್ನ ಮೇಲೆ ಅಂಗೈಯಗಲ ಚರ್ಮ ಕಿತ್ತುಬಂದಿತ್ತು, ಕತ್ತಿನ ಬುಡದಲ್ಲಿ ಹಲ್ಲಿನ ತೂತುಗಳಿದ್ದವು. ಅವ್ವ ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಒಂದು ಪಶು ಆಸ್ಪತ್ರೆಗೆ ಹೋದಳು. ಬ್ಯಾಗಿನೊಳಗೆ ಇಣುಕಿದ ಸಿಬ್ಬಂದಿ, "ಏನಮ್ಮಾ, ಇದನ್ನ ಇಲ್ಲಿಗೆ ತಂದಿದ್ದೀಯಾ? ಸಾರು ಮಾಡ್ಕೊಂಡು ಉಣ್ಣೋದಲ್ವಾ?" ಅಂದರಂತೆ. ಅವ್ವ, "ಸಾರು ಮಾಡಕೆ ನಿಮ್ಮನ್ನ ಕೇಳಕ್ ಬರಬೇಕಿತ್ತಾ ಸಾರ್? ಅದು ನಂಗೂ ಬತ್ತದೆ" ಅಂದಳಂತೆ. ಅಲ್ಲಿದ್ದವರೆಲ್ಲ ನಕ್ಕರು. ಔಷಧ ಸಿಗಲಿಲ್ಲ.

ಆ ನಗುವಿನ ಹಿಂದೆ ಒಂದು ಲೆಕ್ಕವಿದೆ: ಕೋಳಿಯ ಬೆಲೆ ಐನೂರು ರೂಪಾಯಿ, ಬಸ್ಸು, ಔಷಧ, ದಿನಗೂಲಿ ಸೇರಿದರೆ ಅದಕ್ಕಿಂತ ಹೆಚ್ಚು, ಆದ್ದರಿಂದ ಚಿಕಿತ್ಸೆ ನಷ್ಟ. ಇದು ಸಂತೆಯಲ್ಲಿ ಕೊಂಡು ಅದೇ ದಿನ ಉಣ್ಣುವವರ ಲೆಕ್ಕ. ಸಾಕುವವರ ಲೆಕ್ಕ ಬೇರೆ. ನಾಟಿ ಹ್ಯಾಟೆ ಒಂದು ಸರದಿಗೆ ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. 21 ದಿನ ಅನ್ನ ನೀರು ಮರೆತವಳಂತೆ ಕೂತು ಮರಿ ಮಾಡುತ್ತದೆ. ಆಮೇಲೆ ತಿಂಗಳುಗಟ್ಟಲೆ ಹದ್ದು, ಗಿಡುಗ, ಕಾಗೆಗಳಿಂದ ಮರಿಗಳನ್ನು ಕಾಯುತ್ತದೆ. ಎಲ್ಲ ಹ್ಯಾಟೆಗಳಿಗೂ ಇದು ಬರುವುದಿಲ್ಲ. ಕೆಲವು ಅರ್ಧಕ್ಕೇ ಕಾವು ಬಿಟ್ಟು ಎದ್ದು ಹೋಗುತ್ತವೆ, ಕೆಲವು ಮರಿಗಳನ್ನೇ ತುಳಿಯುತ್ತವೆ. ಒಳ್ಳೆಯ ತಾಯಿಯೆಂದು ಗೊತ್ತಾದ ಹ್ಯಾಟೆಯನ್ನು ಯಾರೂ ಸಂತೆಗೆ ಒಯ್ಯುವುದಿಲ್ಲ. ಅವ್ವ ಬ್ಯಾಗಿನಲ್ಲಿ ಒಯ್ದಿದ್ದು ಐನೂರು ರೂಪಾಯಿಯ ಮಾಂಸವನ್ನಲ್ಲ, ಮುಂದಿನ ಎರಡು ವರ್ಷದ ಮರಿಗಳನ್ನು. ಹಸು ಮಾರಿದ ದುಡ್ಡು, ಕೊಬ್ಬರಿ ಮಾರಿದ ದುಡ್ಡು ಗಂಡಸರ ಜೇಬಿಗೆ ಹೋಗುವ ಮನೆಗಳಲ್ಲಿ ಕೋಳಿಯ ದುಡ್ಡು ಮಾತ್ರ ಹೆಂಗಸರ ಸಾಸಿವೆ ಡಬ್ಬಿಯಲ್ಲಿ ಉಳಿಯುತ್ತದೆ. ಆ ದುಡ್ಡಿಗೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. 'ಒಂದು ಕೋಳಿ ಅಷ್ಟೇ ತಾನೆ' ಎನ್ನುವಾಗ ಆ ಡಬ್ಬಿಯನ್ನೂ ನಾವು ತಾತ್ಸಾರ ಮಾಡುತ್ತಿರುತ್ತೇವೆ.

ಇದು ಅಲ್ಲೊಂದು ಇಲ್ಲೊಂದು ಮನೆಯ ಮಾತೂ ಅಲ್ಲ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ 85.18 ಕೋಟಿ ಕೋಳಿ-ಬಾತುಗಳಲ್ಲಿ 31.7 ಕೋಟಿ ಹಿತ್ತಲಲ್ಲಿ ಸಾಕಿದವು. ಹಿಂದಿನ ಗಣತಿಗಿಂತ ಹಿತ್ತಲ ಕೋಳಿಗಳು ಶೇ. 45ಕ್ಕೂ ಹೆಚ್ಚು ಬೆಳೆದಿದ್ದವು, ಫಾರಂ ಕೋಳಿಗಳು ಶೇ. 5ರಷ್ಟೂ ಬೆಳೆದಿರಲಿಲ್ಲ. ಗಣತಿಗೆ ಸಿಗುವ ಈ ಕೋಳಿ ಚಿಕಿತ್ಸೆಗೆ ಮಾತ್ರ ಸಿಗುವುದಿಲ್ಲ.

ಇನ್ನು ಆರೈಕೆಯ ವಿಷಯ. ಗಾಯಗೊಂಡ ಕೋಳಿಯನ್ನು ಬದುಕಿಸುವುದು ಕಣ್ಣೀರಿನ ಕೆಲಸವಲ್ಲ, ಕೈಗೆಲಸ. ಅವ್ವ ಅದನ್ನು ಮೊದಲು ಬೇರೆ ಕೋಳಿಗಳಿಂದ ದೂರ ಮಾಡಿದಳು. ರಕ್ತ ಕಂಡರೆ ಜೊತೆಯ ಕೋಳಿಗಳೇ ಕುಕ್ಕಿ ಕೊಲ್ಲುತ್ತವೆ. ಅಡುಗೆಮನೆಯ ಮೂಲೆಯಲ್ಲಿ ಗೋಣಿ ಹಾಸಿ, ಮಂಕರಿ ಕವುಚಿ, ಕತ್ತಲು ಮಾಡಿ ಬಿಟ್ಟಳು. ಬೇಟೆಯ ಬಾಯಿಂದ ತಪ್ಪಿಸಿಕೊಂಡ ಹಕ್ಕಿ ಗಾಯಕ್ಕಿಂತ ಮೊದಲು ಆಘಾತಕ್ಕೇ ಸಾಯಬಹುದು. ಕತ್ತಲು, ಬೆಚ್ಚಗಿನ ಜಾಗ ಮತ್ತು ಸದ್ದಿಲ್ಲದಿರುವುದು ಅದಕ್ಕೆ ಮೊದಲ ಔಷಧ. ಎತ್ತುವಾಗ ರೆಕ್ಕೆಗಳನ್ನಷ್ಟೇ ಒತ್ತಿ ಹಿಡಿದಳು, ಎದೆಯನ್ನು ಅಮುಕಲಿಲ್ಲ. ಕೋಳಿಗೆ ನಮ್ಮಂತೆ ವಪೆ ಇಲ್ಲ. ಎದೆಗೂಡು ಏರಿಳಿದರೆ ಮಾತ್ರ ಉಸಿರು. ಗಟ್ಟಿಯಾಗಿ ಅವುಚಿದರೆ ಉಸಿರುಗಟ್ಟುತ್ತದೆ. ವಪೆ ಎಂಬ ಪದ ಅವ್ವನಿಗೆ ಗೊತ್ತಿಲ್ಲ, ಎಲ್ಲಿ ಹಿಡಿಯಬಾರದು ಎಂಬುದು ಗೊತ್ತು.

ಆಮೇಲೆ ಗರಿಗಳನ್ನು ಸರಿಸಿ ಸರಿಸಿ ನೋಡುವುದು. ಗರಿ ಗಾಯವನ್ನು ಮುಚ್ಚಿಡುತ್ತದೆ. ಹಕ್ಕಿಯೂ ನೋವನ್ನು ಮುಚ್ಚಿಡುತ್ತದೆ, ದುರ್ಬಲವೆಂದು ಕಾಣಿಸಿಕೊಂಡರೆ ಮತ್ತೆ ಬೇಟೆಯಾಗುವ ಭಯ ಅದಕ್ಕೆ ಹುಟ್ಟಿನಿಂದ ಬಂದದ್ದು. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ, ಅಂದರೆ ಲೀಟರಿಗೆ ಸುಮಾರು 9 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ, ಮಣ್ಣು ಕಸ ಹೋಗುವವರೆಗೆ ತೊಳೆಯಬೇಕು. ಹಲ್ಲಿನ ತೂತನ್ನು ಹೊಲಿದು ಮುಚ್ಚಬಾರದು. ಹೊರಗೆ ಸಾಸಿವೆ ಕಾಳಿನಷ್ಟು ಕಂಡರೂ ಒಳಗೆ ಆಳವಾಗಿರುತ್ತದೆ, ಮುಚ್ಚಿದರೆ ಕೀವು ಒಳಗೇ ನಿಲ್ಲುತ್ತದೆ. ಚರ್ಮದಡಿ ಗಾಳಿ ತುಂಬಿ ಉಬ್ಬಿದ್ದರೆ ಒಳಗಿನ ಗಾಳಿಚೀಲ ಹರಿದಿರಬಹುದು. ಹಗಲಲ್ಲಿ ಗಾಯ ತೆರೆದಿದ್ದರೆ ನೊಣ ಮೊಟ್ಟೆಯಿಟ್ಟು, ಒಂದು ದಿನದೊಳಗೆ ಹುಳುವಾಗುತ್ತದೆ. ನಮ್ಮ ಹ್ಯಾಟೆಗೆ ಐದು ವಾರ ಹಿಡಿಯಿತು. ಬೆನ್ನಿನ ಅಂಚುಗಳಿಂದ ಚರ್ಮ ಒಳಮುಖವಾಗಿ ಬೆಳೆದು ಕೂಡಿಕೊಂಡಿತು, ಆಮೇಲೆ ಮುಳ್ಳಿನಂತೆ ಹೊಸ ಗರಿ ಮೂಡಿತು.

ಹಳ್ಳಿಯ ಮದ್ದೆಲ್ಲ ಸರಿ ಎಂಬುದು ನನ್ನ ವಾದವಲ್ಲ. ಹುಳುವಾದ ಗಾಯಕ್ಕೆ ಸೀಮೆಎಣ್ಣೆ ಸುರಿಯುವವರನ್ನು, ಫಿನಾಯಿಲ್ ಹಚ್ಚುವವರನ್ನು ನಾನು ನೋಡಿದ್ದೇನೆ. ಅದು ಹುಳುವಿನ ಜೊತೆ ಹಸಿ ಮಾಂಸವನ್ನೂ ಸುಡುತ್ತದೆ. ಮೆಡಿಕಲ್ ಸ್ಟೋರಿನಿಂದ ಮನುಷ್ಯರ ಕ್ಯಾಪ್ಸೂಲ್ ತಂದು, ಬಿಚ್ಚಿ, ಕಣ್ಣಂದಾಜಿನಲ್ಲಿ ಕಾಲುಭಾಗ ತಿನ್ನಿಸುತ್ತಾರೆ. ಎಷ್ಟು ದಿನ ಕೊಡಬೇಕು, ಆ ದಿನಗಳಲ್ಲಿ ಇಟ್ಟ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಎಂದು ಹೇಳುವವರಿಲ್ಲ. ಹೇಳಬೇಕಾದವರು ಸಾರಿನ ಸಲಹೆ ಕೊಟ್ಟು ಕಳಿಸಿದ್ದಾರಲ್ಲ! ಜನ ತಪ್ಪು ಮದ್ದು ಮಾಡುತ್ತಾರೆ ಎಂದು ದೂರುವ ಹಕ್ಕು, ಸರಿಯಾದ ಮದ್ದನ್ನು ಕೇಳಲು ಬಂದವರನ್ನು ನಕ್ಕು ಕಳಿಸಿದವರಿಗೆ ಇಲ್ಲ.

ಕೋಳಿಗೆ ಔಷಧ ಕೊಡುವುದು ದುಂದು ಎನ್ನುವ ಇದೇ ದೇಶದಲ್ಲಿ ಕೋಳಿಗಳಿಗೆ ಎಂಥ ಔಷಧ ಸುರಿಯಲಾಗಿತ್ತು ಎಂಬುದನ್ನೂ ನೆನಪಿಸಿಕೊಳ್ಳಬೇಕು. ಬೇರೆ ಯಾವ ಔಷಧಕ್ಕೂ ಬಗ್ಗದ ಸೋಂಕುಗಳಿಗೆಂದು ವೈದ್ಯರು ಕೊನೆಗೆ ಉಳಿಸಿಕೊಂಡಿರುವ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ಕನ್ನು, ಯಾವ ಕಾಯಿಲೆಯೂ ಇಲ್ಲದ ಕೋಳಿಗಳ ಮೇವಿಗೆ ಬೇಗ ತೂಕ ಬರಲೆಂದು ಬೆರೆಸುತ್ತಿದ್ದರು. 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ನಿಷೇಧಿಸಬೇಕಾಯಿತು. ಕಾಯಿಲೆಯಿಲ್ಲದ ಕೋಳಿಗೆ ಔಷಧ ಕೊಟ್ಟರೆ ಉದ್ಯಮ, ಗಾಯವಾದ ಕೋಳಿಗೆ ಕೇಳಿದರೆ ಹಾಸ್ಯ. ಲಸಿಕೆಯ ಕತೆಯೂ ಇಷ್ಟೇ. ಕೊಕ್ಕರೆ ರೋಗ ಎಂದು ನಾವು ಕರೆಯುವ ರಾಣಿಖೇತ್ ರೋಗದ ಲಸಿಕೆ ಹೆಚ್ಚಾಗಿ ನೂರು, ಇನ್ನೂರು ಕೋಳಿಗಳ ಲೆಕ್ಕದ ಸೀಸೆಯಲ್ಲಿ ಬರುತ್ತದೆ. ಒಮ್ಮೆ ಬೆರೆಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಎಂಟು ಕೋಳಿ ಸಾಕಿದವರು ಏನು ಮಾಡಬೇಕು? ಅಂದಹಾಗೆ, ರೋಗಾಣುವನ್ನು ಪ್ರಯೋಗಶಾಲೆಯಲ್ಲಿ ದುರ್ಬಲಗೊಳಿಸಿ ಲಸಿಕೆ ಮಾಡುವ ದಾರಿಯನ್ನು ಲೂಯಿ ಪಾಶ್ಚರ್ 1879-80ರಲ್ಲಿ ಕಂಡುಕೊಂಡದ್ದು ಕೋಳಿ ಕಾಲರಾದ ಮೇಲೆ ಕೆಲಸ ಮಾಡುವಾಗ. ಬೆಕ್ಕು ಕಚ್ಚಿದ ಗಾಯದಲ್ಲಿ ಹೆಚ್ಚಾಗಿ ಸಿಗುವುದೂ ಆ ರೋಗಾಣುವೇ, ಅದರ ಹೆಸರಿನಲ್ಲಿ ಪಾಶ್ಚರ್ ಇದ್ದಾನೆ. ವಿಜ್ಞಾನಕ್ಕೆ ಕೋಳಿಯಿಂದ ಇಷ್ಟು ಉಪಕಾರವಾದ ಮೇಲೂ ಕೋಳಿ ವೈದ್ಯರ ಟೇಬಲ್ಲು ಹತ್ತಲು ಯೋಗ್ಯವಾಗಲಿಲ್ಲ.

ಈಗ ಎರಡನೆಯ ಕಡೆಯವರು. ಹಾಸ್ಟೆಲಿನಲ್ಲಿ ಹ್ಯಾಟೆಯ ಸುದ್ದಿ ಹೇಳಿದಾಗ, ಪ್ರಾಣಿಗಳೆಂದರೆ ಪ್ರಾಣ ಬಿಡುವ ಗೆಳತಿಯೊಬ್ಬಳು ಕಣ್ಣರಳಿಸಿ ಕೇಳಿದಳು, ಆಮೇಲೆ ತಣ್ಣಗೆ "ವಾಸಿಯಾದ ಮೇಲೆ ತಿಂತೀರಾ?" ಅಂದಳು. ಈ ಪ್ರಶ್ನೆಯಲ್ಲಿ ನಮ್ಮ ಸಮಾಜದ ಹಳೆಯ ಏಣಿಯೊಂದು ಅಡಗಿದೆ. ತಿನ್ನದವರದು ಮಾತ್ರ ದಯೆ, ತಿನ್ನುವವರದು ಬರೀ ಹೊಟ್ಟೆ ಎಂಬ ಏಣಿ. ಯಾರ ಮನೆಯಲ್ಲಿ ಕೋಳಿ ಓಡಾಡುತ್ತದೆ, ಯಾರ ಮನೆಯಲ್ಲಿ ಓಡಾಡಬಾರದು ಎಂಬುದು ಈ ನೆಲದಲ್ಲಿ ಬರೀ ಊಟದ ವಿಷಯವಾಗಿ ಯಾವತ್ತೂ ಇರಲಿಲ್ಲ. ಕೋಳಿಯ ಹಿಕ್ಕೆ ಬಳಿದು, ಗೂಡಿನ ಬಾಗಿಲು ಹಾಕಿದೆಯೋ ಇಲ್ಲವೋ ಎಂದು ರಾತ್ರಿ ಎರಡು ಸಲ ಎದ್ದು ನೋಡುವ ಹೆಂಗಸಿಗಿಂತ, ಕೋಳಿಯನ್ನು ಮುಟ್ಟಿಯೇ ಇಲ್ಲದವರಿಗೆ ಪ್ರಾಣಿದಯೆಯ ಬಗ್ಗೆ ಮಾತಾಡುವ ಅಧಿಕಾರ ಹೇಗೆ ಹೆಚ್ಚು ಬಂತು?

ಹೌದು, ನಾವು ಕೋಳಿ ತಿನ್ನುತ್ತೇವೆ. ಬೆನ್ನುಮೂಳೆ ಮುರಿದು, ಕರುಳು ಹೊರಬಿದ್ದ ಕೋಳಿಯನ್ನು ನರಳಲು ಬಿಡದೆ ಆ ಕ್ಷಣವೇ ಕೊಯ್ಯುತ್ತೇವೆ. ಅದೂ ಆರೈಕೆಯೇ. ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂದು ನೋಡಿ ತೀರ್ಮಾನಿಸುವ ಹೊಣೆ ಸಾಕುವವರದು. ಹಬ್ಬದ ದಿನ ಹುಂಜ ಕೊಯ್ಯುವ ಕೈ, ಇನ್ನೊಂದು ದಿನ ಹ್ಯಾಟೆಯ ಗಾಯ ತೊಳೆಯುವುದರಲ್ಲಿ ನನಗೆ ಯಾವ ಕಪಟವೂ ಕಾಣುವುದಿಲ್ಲ. ಕಪಟ ಇರುವುದಾದರೆ ಅದು, ಕೋಳಿಯನ್ನು ಯಾರು ಹೇಗೆ ಸಾಕಿದರೆಂದು ಒಮ್ಮೆಯೂ ಕೇಳದೆ ಬಿರಿಯಾನಿ ತರಿಸಿಕೊಂಡು, ಗಾಯದ ಕೋಳಿಯ ಕತೆ ಬಂದಾಗ ಮಾತ್ರ ನೀತಿಪಾಠ ಹೇಳುವವರಲ್ಲಿದೆ. ಇಲ್ಲಿ ಮುಂಗುಸಿಯೂ ಖಳನಾಯಕನಲ್ಲ. ಅದು 1972ರ ಕಾಯ್ದೆಯ ರಕ್ಷಣೆಯಿರುವ ಕಾಡುಪ್ರಾಣಿ, ಹಾವು ಇಲಿಗಳನ್ನು ಹಿಡಿದು ನಮಗೇ ಉಪಕಾರ ಮಾಡುತ್ತದೆ. ಅವ್ವ ಅದಕ್ಕೆ ಶಾಪ ಹಾಕಿದಳೇ ಹೊರತು ಉರುಳು ಹಾಕಲಿಲ್ಲ. ಗೂಡಿನ ಸಂದಿಗೆ ಕಲ್ಲು ಜೋಡಿಸಿದಳು.

ಪಶುವೈದ್ಯರ ಕಷ್ಟ ನನಗೆ ಗೊತ್ತಿಲ್ಲದಿಲ್ಲ. ಒಬ್ಬ ವೈದ್ಯರಿಗೆ ಹತ್ತಾರು ಹಳ್ಳಿ, ಕಾಲುಬಾಯಿ ಜ್ವರದ ಲಸಿಕೆ, ಕರು ಸಿಕ್ಕಿಹಾಕಿಕೊಂಡ ಹಸು. ಅವರು ಪ್ರತಿ ಕೋಳಿಗೂ ಓಡಿಬರಬೇಕೆಂದು ಯಾರೂ ಕೇಳುತ್ತಿಲ್ಲ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವ ಕಾಲದಲ್ಲಿ, ಅದೇ ಕರೆಯಲ್ಲಿ ಕೋಳಿಯ ಗಾಯಕ್ಕೆ ಐದು ನಿಮಿಷದ ಸಲಹೆ ಸಿಗಲಿ. ಸ್ವಸಹಾಯ ಸಂಘಗಳ ಪಶು ಸಖಿಯರಿಗೆ ಗಾಯ ತೊಳೆಯುವ, ಹಕ್ಕಿ ಹಿಡಿಯುವ, ಯಾವಾಗ ಕೈಬಿಡಬೇಕೆಂದು ತಿಳಿಯುವ ತರಬೇತಿ ಕೊಡಲಿ. ಪಾಠ ಹೇಳುವವರಲ್ಲಿ ಕೋಳಿ ಸಾಕಿದ ಹೆಂಗಸರೂ ಇರಲಿ. ಸಣ್ಣ ಸೀಸೆಯ ಲಸಿಕೆ ಬರಲಿ. ಕೋಳಿ ತಂದವರ ಹೆಸರು, ಗಾಯದ ಬಗೆ, ಕೊಟ್ಟ ಔಷಧ ಆಸ್ಪತ್ರೆಯ ಪುಸ್ತಕದಲ್ಲಿ ದಾಖಲಾಗಲಿ. ದಾಖಲೆಯಿಲ್ಲದ ರೋಗಿಗೆ ಯಾವ ಬಜೆಟ್ಟಿನಲ್ಲೂ ಔಷಧ ಬರುವುದಿಲ್ಲ. ಇದಿಷ್ಟಕ್ಕೂ ಮೊದಲು, ಖರ್ಚೇ ಇಲ್ಲದ ಒಂದು ಕೆಲಸವಿದೆ: ಬ್ಯಾಗಿನಲ್ಲಿ ಕೋಳಿ ಹಿಡಿದು ಬಂದವಳಿಗೆ ಕೂರಲು ಹೇಳಿ, "ಯಾವಾಗ ಕಚ್ಚಿತಮ್ಮಾ?" ಎಂದು ಕೇಳುವುದು.